ಇಪ್ಪತ್ತು ತಲೆ, ಒಂದು ಗಿಂಡಿ

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬರುತ್ತದೆ, ಆರೂಕಾಲಿಗೆ ಹೋಗುತ್ತದೆ. ಬಂದದ್ದನ್ನು ತಿಳಿಸಲು ನನಗೆ ಅಲಾರಾಂ ಬೇಕಿಲ್ಲ. ಎದುರು ಮನೆಯ ಮಹಾದೇವಿ ಬಾಗಿಲಿಗೆ ಎರಡು ಗುದ್ದು ಕೊಟ್ಟು, “ಅಕ್ಕಾರ, ನೀರ ಬಂತ್ರಿ!” ಎಂದು ಕೂಗುತ್ತಾಳೆ. ವಿಜಯಪುರದ ಕಡೆಯವಳು, ಗಂಡ ಘೋಡಬಂದರ್ ರಸ್ತೆಯಲ್ಲಿ ಏಳುತ್ತಿರುವ ಕಟ್ಟಡಗಳಲ್ಲಿ ಮೇಸ್ತ್ರಿ. ನೀರಿನ ವಿಷಯದಲ್ಲಿ ಅವಳ ಮಾತು ಮುನಿಸಿಪಾಲಿಟಿಯ ಮಾತಿಗಿಂತ ಗಟ್ಟಿ. ಆಮೇಲಿನ ಮುಕ್ಕಾಲು ಗಂಟೆ ಎರಡು ಡ್ರಮ್ಮು, ನಾಲ್ಕು ಬಕೆಟ್ಟು, ಅಡುಗೆಮನೆಯ ಕೊಡ ಇವುಗಳ ನಡುವೆ ನಾನು ಓಡುತ್ತಿರುತ್ತೇನೆ. ಆದರೆ ಎಲ್ಲಕ್ಕಿಂತ ಮೊದಲು ತುಂಬುವುದು ನನ್ನ ಅಮ್ಮ ಕೊಟ್ಟ ಕಂಚಿನ ಗಿಂಡಿಯನ್ನು. ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿದ ಮೂತಿಯ ತಂಬಿಗೆ ಅದು. ನಮ್ಮ ಉಡುಪಿಯ ಕಡೆ ಮದುವೆಯ ಧಾರೆ ಎರೆಯುವುದು ಅಂಥದ್ದರಿಂದಲೇ. ನನ್ನ ಧಾರೆ ಆದದ್ದೂ ಅದರಿಂದಲೇ. ಈಗ ಅದಕ್ಕೆ ಬಾಲ್ಕನಿಯ ತುಳಸಿಗೆ ನೀರು ಹಾಕುವ ಕೆಲಸ. ನಿವೃತ್ತ ಹೆಡ್‌ಮಾಸ್ತರರಿಗೆ ಹಾಲು ತರುವ ಕೆಲಸ ಕೊಟ್ಟ ಹಾಗೆ, ಗೌರವಕ್ಕೆ ಕುಂದಿಲ್ಲ, ಹೊತ್ತೂ ಹೋಗುತ್ತದೆ.

ಇಲ್ಲೇ ಒಂದು ತಪ್ಪೊಪ್ಪಿಗೆ ಮಾಡಿಬಿಡುತ್ತೇನೆ. ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ಕಲಿತದ್ದು ಕಾನ್ವೆಂಟಿನಲ್ಲಿ. ಹಾಳೆಗೆ ಸ್ಕೇಲು ಹಿಡಿದು ಮಾರ್ಜಿನ್ ಎಳೆಯುವುದು, ಬಾಯಿ ಮುಚ್ಚಿ ಜಗಿಯುವುದು, ಕಾಲು ತುಳಿದವರಿಗೂ ನಾವೇ ಸಾರಿ ಹೇಳುವುದು, ಎಲ್ಲವನ್ನೂ ಸಿಸ್ಟರ್‌ಗಳು ಕಲಿಸಿದರು. ಒಲ್ಲೆ ಎನ್ನುವುದು ಹೇಗೆ ಎಂಬ ಪಾಠ ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ. ಹಾಗಾಗಿ ಮಗಳ ಮದುವೆ ಶ್ರೀಲಂಕಾದ ಸಮುದ್ರದಂಡೆಯಲ್ಲಿ, ಬರೀ ಇಪ್ಪತ್ತು ಜನರ ಎದುರು ಎಂದು ಗೊತ್ತಾದ ಮೇಲೂ, ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ “ನೀವೂ ಬರಬೇಕು” ಎಂದುಬಿಟ್ಟಿದ್ದೆ. ಸೊಸೈಟಿಯ ಸೆಕ್ರೆಟರಿ ಪಾಸ್‌ಪೋರ್ಟಿನ ಜೆರಾಕ್ಸನ್ನೇ ತಂದು ಕೊಟ್ಟರು. ಅದು ಈಗಲೂ ನನ್ನ ಮಸಾಲೆ ಡಬ್ಬದ ಕೆಳಗಿದೆ.

ಲಂಕೆಯ ಮದುವೆ ನನ್ನ ಮಗಳು ಪ್ರಜ್ಞಾಳ ಯೋಚನೆ. ಐರೋಲಿಯ ಆಫೀಸಿನಲ್ಲಿ ಲೆಕ್ಕಪತ್ರ ನೋಡುವವಳು, ಒಂದು ಭಾನುವಾರ ನನ್ನನ್ನು ಕೂರಿಸಿಕೊಂಡು ವಿವರಿಸಿದಳು. ಇಲ್ಲಿ ಹಾಲ್ ಹಿಡಿದು, ಎಂಟುನೂರು ಎಲೆ ಹಾಕಿ, ಒಂದೇ ದಿನ ಮೂರು ಮದುವೆ ಮುಗಿಸುವ ಅವಸರದಲ್ಲಿ ಕವರು ಕೊಟ್ಟು ಓಡುವ ನೆಂಟರಿಗೆ ಬಡಿಸುವ ಖರ್ಚಿನಲ್ಲಿ, ಇಪ್ಪತ್ತು ಜನ ವಿಮಾನದಲ್ಲಿ ಹೋಗಿ ಮೂರು ದಿನ ಇದ್ದು ಬರಬಹುದಂತೆ. ವರ ಅಮೇಯ ಠಾಣೆಯ ಮರಾಠಿ ಹುಡುಗ. ಅವನ ಮನೆಯವರು ಹತ್ತು ಜನ, ನಾವು ಹತ್ತು ಜನ. ಟ್ರಾವೆಲ್ ಏಜೆಂಟ್ ಇದನ್ನು ‘ಟ್ವೆಂಟಿ ಪ್ಯಾಕ್ಸ್’ ಎನ್ನುತ್ತಾನೆ, ಎಂದರೆ ಇಪ್ಪತ್ತು ತಲೆ. ನಮ್ಮ ಶಾಲೆಯ ಪ್ರಾರ್ಥನಾಮಂದಿರದ ಬಾಗಿಲ ಮೇಲೆ ಆ ಪದವನ್ನು ಕೆತ್ತಿದ್ದರು. ಲ್ಯಾಟಿನ್‌ನಲ್ಲಿ ಹಾಗೆಂದರೆ ಶಾಂತಿ ಎಂದು ಸಿಸ್ಟರ್ ಹೇಳಿದ್ದ ನೆನಪು. ಇಪ್ಪತ್ತು ಶಾಂತಿಗಳನ್ನು ಒಟ್ಟುಗೂಡಿಸುವಷ್ಟರಲ್ಲಿ ನಮ್ಮ ಮನೆಯಲ್ಲಿದ್ದ ಒಂದು ಶಾಂತಿಯೂ ಹೊರಟುಹೋಗಿತ್ತು.

ಟಿಕೆಟ್ ಮಾಡಿಸುವ ದಿನ ಬೆಳಿಗ್ಗೆ ಪ್ರಜ್ಞಾ ಉಪ್ಪಿಟ್ಟನ್ನು ನಿಂತೇ ತಿನ್ನುತ್ತಾ ಒಂದು ಹಾಳೆಯನ್ನು ಸಕ್ಕರೆ ಡಬ್ಬದ ಕೆಳಗೆ ಸಿಕ್ಕಿಸಿದಳು. ನಮ್ಮ ಕಡೆಯ ಹತ್ತು ಹೆಸರಿನ ಪಟ್ಟಿ. ಅವಳ ಗೆಳತಿಯರಿಬ್ಬರಿಗೆ ರಜೆ ಸಿಗದೆ ಕೊನೆಯ ಎರಡು ಸಾಲು ಖಾಲಿಯಾಗಿದ್ದವು. ಅದರ ಕೆಳಗೆ, ಯಾಕೋ, ‘ಗಿಂಡಿ, ೧.೮ ಕಿಲೋ’ ಎಂದು ಬರೆದಿತ್ತು.

“ಅಮ್ಮಾ, ಸುನೋ. ಸಂಜೆ ಐದಕ್ಕೆ ಅವನು ಟಿಕೆಟ್ ಫೈನಲ್ ಮಾಡ್ತಾನೆ. ಎರಡು ಖಾಲಿ ಉಂಟು, ನಿಂಗೆ ಯಾರು ಬೇಕೋ ಹಾಕಿ ಫೋನ್ ಮಾಡು. ದೊಡ್ಡಪ್ಪ, ದೊಡ್ಡಮ್ಮ ಮಾತ್ರ ನಕೋ.”

“ಅವರಿಲ್ಲದೆ ಹೇಗೆ ಮಾರಾಯ್ತಿ? ಧಾರೆ ಯಾರು ಎರೆಯುವುದು?”

“ದೇಖ್ ಲೇಂಗೆ, ಆಗ ನೋಡಿದ್ರಾಯ್ತು,” ಎಂದವಳೇ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದಳು. ಏಳೂ ಹನ್ನೆರಡರ ಲೋಕಲ್‌ಗೆ ನಮ್ಮ ಧಾರೆಯ ಚಿಂತೆ ಎಲ್ಲಿದೆ?

ಚಿಂತೆ ಇದ್ದದ್ದು ನನಗೆ. ನಮ್ಮಲ್ಲಿ ಹೆಣ್ಣನ್ನು ಧಾರೆ ಎರೆದು ಕೊಡುವುದು ದಂಪತಿಗಳು. ನನ್ನವರು ಹೋಗಿ ನಾಲ್ಕು ವರ್ಷವಾಯಿತು. ಅರ್ಧ ದಂಪತಿ ಎಂಬುದಕ್ಕೆ ಪದ್ಧತಿಯಲ್ಲಿ ಜಾಗವಿಲ್ಲ. ಹಾಗಾದಾಗ ಹುಡುಗಿಯ ದೊಡ್ಡಪ್ಪ ದೊಡ್ಡಮ್ಮ ಬಂದು ನಿಲ್ಲುತ್ತಾರೆ, ತಾಯಿ ಸ್ವಲ್ಪ ಹಿಂದೆ ಕಂಬದ ಹತ್ತಿರ ನಿಲ್ಲುತ್ತಾಳೆ. ನಿಲ್ಲು ಎಂದು ಯಾರೂ ಹೇಳುವುದಿಲ್ಲ, ಅವಳಿಗೇ ಗೊತ್ತಿರುತ್ತದೆ. ನನ್ನವರಿದ್ದಿದ್ದರೆ ಈ ಲಂಕೆಯ ಪ್ರಯಾಣಕ್ಕೆ ಮಗಳಿಗಿಂತ ಹೆಚ್ಚು ಕುಣಿಯುತ್ತಿದ್ದವರು ಅವರೇ. ಒಮ್ಮೆ ಸಿಂಗಾಪುರ ನೋಡುವಾ ಎಂದು ಇಬ್ಬರಿಗೂ ಪಾಸ್‌ಪೋರ್ಟ್ ಮಾಡಿಸಿ, ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು. ಒಂದು ಠಸ್ಸೆಯೂ ಬೀಳದೆ ಎರಡರ ಅವಧಿಯೂ ಮುಗಿಯಿತು. ಈಗ ನನ್ನದೊಂದನ್ನು ಹೊಸದು ಮಾಡಿಸಿದ್ದೇನೆ. ಇಟ್ಟಿರುವುದು ಮಾತ್ರ ಅದೇ ಕವರಿನಲ್ಲಿ, ಅವರದರ ಜೊತೆಗೆ. ಫೋಟೋದಲ್ಲಿ ಅವರು, ಕಿಟಕಿ ಸೀಟು ಸಿಗುತ್ತದೋ ಇಲ್ಲವೋ ಎಂಬ ಮುಖ ಮಾಡಿಕೊಂಡಿದ್ದಾರೆ.

ದೊಡ್ಡಪ್ಪನ ಮೇಲೆ ಪ್ರಜ್ಞಾಳಿಗೆ ಯಾಕೆ ಸಿಟ್ಟು ಎಂದು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಭಾವ, ಎಂದರೆ ನನ್ನವರ ಅಣ್ಣ, ಕಲ್ಯಾಣದಲ್ಲಿ ಹೋಟೆಲು ನಡೆಸಿದವರು, ಬಾಯಿ ಜೋರು, ಮನಸ್ಸು ಒಳ್ಳೆಯದು. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಎರಡು ವರ್ಷದ ಹಿಂದೆ ಅವರ ಮಗಳ ಮದುವೆಗೆ ಎಲ್ಲರೂ ಹೋಗಿದ್ದೆವು. ಧಾರೆಯ ಹೊತ್ತಿಗೆ ಹತ್ತಿರದವರೆಲ್ಲ ಗಿಂಡಿಗೆ ಕೈ ತಾಗಿಸಬೇಕು. ಅಭ್ಯಾಸಬಲದಿಂದ ನಾನೂ ಮುಂದೆ ಹೋಗಿ ಕೈ ಚಾಚಿದೆ. ಅಕ್ಕ ನಗುತ್ತಲೇ, “ಇದನ್ನೊಂದು ಸ್ವಲ್ಪ ಹಿಡ್ಕೊಳ್ಳಿ ಆಯ್ತಾ?” ಎಂದು ಚಾಚಿದ ಆ ಕೈಗೆ ತಮ್ಮ ಪರ್ಸ್ ಇಟ್ಟರು. ಎಷ್ಟು ನಾಜೂಕು ನೋಡಿ, ನನ್ನ ಕೈ ಬರಿದೇ ಹಿಂದೆ ಬರಲಿಲ್ಲ. ಅದನ್ನು ಕಂಡು ಉಳಿದವರೂ ತಮ್ಮ ತಮ್ಮ ಪರ್ಸುಗಳನ್ನು ನನಗೇ ಒಪ್ಪಿಸಿದರು. ಒಟ್ಟು ಐದು. ಒಂದರ ಜಿಪ್ಪಿನಲ್ಲಿ ಮಲ್ಲಿಗೆಯ ದಾರ ಸಿಕ್ಕಿಕೊಂಡಿತ್ತು, ಇನ್ನೊಂದರೊಳಗೆ ಮೊಬೈಲು ಸಣ್ಣಗೆ ನಡುಗುತ್ತಿತ್ತು. ಮಂತ್ರ ಮುಗಿಯುವವರೆಗೆ ನಾನು ಸ್ಟೇಷನ್ನಿನ ಲಗೇಜ್ ಕೌಂಟರಿನ ಹಾಗೆ ನಿಂತಿದ್ದೆ. ಆಮೇಲೆ ಎಲ್ಲರೂ ಥ್ಯಾಂಕ್ಸ್ ಹೇಳಿದರು, ನಾನು ಮೆನ್ಷನ್ ನಾಟ್ ಎಂದೆ. ಎದುರಿಗೆ ಕೂತಿದ್ದ ಪ್ರಜ್ಞಾ ಮೊಬೈಲಿನಲ್ಲಿ ಮುಳುಗಿದ್ದಳು, ಪುಣ್ಯಕ್ಕೆ ಏನೂ ನೋಡಲಿಲ್ಲ ಎಂದುಕೊಂಡಿದ್ದೆ.

ಹನ್ನೊಂದು ಗಂಟೆಗೆ ಧೈರ್ಯ ಮಾಡಿ ಕಲ್ಯಾಣಕ್ಕೆ ಫೋನ್ ಮಾಡಿದೆ. ಮಗಳು ಬೇಡವೆಂದರೂ ನಾಳೆ ನೆಂಟರ ಬಾಯಿಗೆ ಬೀಳುವವಳು ನಾನು ತಾನೇ? ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಲಂಕೆಯಾ?” ಎಂದರು ಭಾವ. “ಅದು ಹೆಂಡ್ತಿಯನ್ನು ಬಿಡಿಸ್ಕೊಂಡು ಬರ್ಲಿಕ್ಕೆ ಹೋಗುವ ಊರು ಮಾರಾಯ್ತಿ. ಮದುವೆ ಆಗ್ಲಿಕ್ಕೆ ಅಲ್ಲಿಗೆ ಯಾರಾದ್ರೂ ಹೋಗ್ತಾರಾ?” ಆಮೇಲೆ ದನಿ ಮೆತ್ತಗಾಯಿತು. “ಕರೀಲಿಲ್ಲ ಅಂತ ಬೇಜಾರಿತ್ತು ನಂಗೆ. ತಮ್ಮನ ಮಗಳಲ್ವಾ? ಬರ್ತೇವೆ, ಬಾರದೆ? ಬರ್ಕೊ ಪಾಸ್‌ಪೋರ್ಟ್ ನಂಬ್ರ.”

ಬರೆದುಕೊಂಡೆ. ಖಾಲಿ ಇದ್ದ ಎರಡು ಸಾಲಿನಲ್ಲಿ, ಸಿಸ್ಟರ್ ಕಂಡರೆ ‘ವೆರಿ ಗುಡ್’ ಎನ್ನುವಷ್ಟು ದುಂಡಗಿನ ಅಕ್ಷರದಲ್ಲಿ.

ಊಟ ಮುಗಿಸಿ, ಬಟ್ಟೆ ಮಡಚಿ, ನಾಲ್ಕು ಗಂಟೆಗೆ ಠಾಣೆಯ ಏಜೆಂಟನಿಗೆ ಫೋನ್ ಮಾಡಿದೆ. ಬಹಳ ಚುರುಕು ಹುಡುಗ. “ನಾಮ್ ಬಾದ್ ಮೇ ಮ್ಯಾಡಮ್, ಮೊದಲು ಪ್ರೋಗ್ರಾಮ್ ಕನ್ಫರ್ಮ್ ಮಾಡಿಬಿಡಿ,” ಎಂದು ಹಿಂದಿ, ಇಂಗ್ಲಿಷು ಕಲಸಿ ಗಡಗಡ ಓದತೊಡಗಿದ. ಮೂರೂವರೆಗೆ ವರನ ಸ್ವಾಗತ. ನಾಲ್ಕಕ್ಕೆ ಹಾರ. “ನಾಲ್ಕೂವರೆಗೆ ವಾಟರ್ ಪೋರಿಂಗ್, ಬೈ ಬ್ರೈಡ್ಸ್ ಮದರ್. ಬ್ರೈಡ್ಸ್ ಮದರ್ ಅಂದ್ರೆ ನೀವೇ ಅಲ್ವಾ ಮ್ಯಾಡಮ್? ನಿಮ್ಮ ಬೇಟಿ ಹೇಳಿದಾರೆ, ನಿಮಗೆ ಮಂಡಿನೋವು ಅಂತ. ಹದಿನೆಂಟು ಇಂಚಿನ ಸ್ಟೂಲ್ ಇಡ್ತಾರೆ. ಪಾತ್ರೆ ನೀವೇ ಮನೆಯಿಂದ ತರ್ತೀರಿ, ಓಲ್ಡ್ ಫ್ಯಾಮಿಲಿ ಪೀಸ್, ರೈಟ್?”

ನಾನು ಫೋನ್ ಹಿಡಿದುಕೊಂಡು ಬಾಲ್ಕನಿಯತ್ತ ನೋಡಿದೆ. ತುಳಸಿಯ ಪಕ್ಕ ಗಿಂಡಿ ಮೂತಿಯನ್ನು ಗೋಡೆಗೆ ತಿರುಗಿಸಿಕೊಂಡು ಕೂತಿತ್ತು. ಅಂದರೆ ಅವತ್ತು ಆ ಮದುವೆಯಲ್ಲಿ ಪ್ರಜ್ಞಾ ಮೊಬೈಲ್ ನೋಡುತ್ತಿರಲಿಲ್ಲ. ಐದು ಪರ್ಸುಗಳನ್ನು ಒಂದೊಂದಾಗಿ ಎಣಿಸಿದ್ದಾಳೆ. ಎರಡು ವರ್ಷ ಬಾಯಿಬಿಡದೆ, ಅಮ್ಮ ಮುಂದೆ ಬಂದು ನಿಂತರೆ ಕೈಗೆ ಪರ್ಸ್ ಕೊಡುವವರು ಯಾರೂ ಇಲ್ಲದಂಥ ಒಂದು ಜಾಗ ಹುಡುಕಿದ್ದಾಳೆ. ಅದು ಸಿಕ್ಕಿದ್ದು ಸಮುದ್ರದ ಆಚೆ. ನಾನೋ, ಹುಡುಗಿಗೆ ವಿದೇಶದ ಷೋಕಿ ಎಂದು ಮೂರು ತಿಂಗಳು ಗೊಣಗಿದ್ದೆ.

“ಮ್ಯಾಡಮ್, ಆ ಎರಡು ನಾಮ್?”

“ಅರ್ಧ ಗಂಟೆ ಕೊಡಪ್ಪಾ,” ಎಂದೆ.

ಮತ್ತೆ ಕಲ್ಯಾಣಕ್ಕೆ ಫೋನ್ ಮಾಡಿದೆ. ಏನು ಹೇಳಬೇಕೆಂದು ಮೂರು ಸಲ ಬಾಯಿಪಾಠ ಮಾಡಿಕೊಂಡಿದ್ದೆ: ಅಕ್ಕಾ, ತಪ್ಪಾಯಿತು, ಟಿಕೆಟ್ ಇಲ್ಲವಂತೆ. ಒಂದೇ ಒಂದು ಸುಳ್ಳು, ಅದೂ ಚಿಕ್ಕದು. ಆದರೆ ನನ್ನ ‘ಹಲೋ’ ಮುಗಿಯುವ ಮೊದಲೇ ಅಕ್ಕ ಶುರು ಮಾಡಿದರು.

“ನಾನೇ ಮಾಡುವವಳಿದ್ದೆ ನೋಡಿ! ಇವರು ಆಗ್ಲೇ ಬ್ಯಾಗ್ ಕೆಳಗೆ ಇಳ್ಸಿಯಾಯ್ತು. ತಮ್ಮ ಇದ್ದಿದ್ರೆ ಅಂತ ಒಂದು ಗಳಿಗೆ ಕೂತು ಅತ್ತದ್ದೂ ಆಯ್ತು. ಧಾರೆಯ ಚಿಂತೆ ನಿಮಗೆ ಬೇಡ, ನಾವಿದ್ದೇವಲ್ಲ. ಗಿಂಡಿ ನಮ್ಮ ಬೆಳ್ಳಿಯದ್ದೇ ತರ್ತೇನೆ. ನೀವು ಏನೂ ಮಾಡ್ಲಿಕ್ಕಿಲ್ಲ, ಆರಾಮಲ್ಲಿ ಕೂತ್ಕೊಳ್ಳಿ. ಪರದೇಶದಲ್ಲಿ ಪರ್ಸ್ ಯಾರ ಕೈಯಲ್ಲಿ ಕೊಡುವುದು ಅಂತ ನಂಗೆ ಹೆದರಿಕೆ ಇತ್ತು. ನೀವಿರ್ತೀರಲ್ಲ, ಅದೊಂದು ನೆಮ್ಮದಿ. ಹೌದು, ಎಂತಕ್ಕೆ ಫೋನ್ ಮಾಡಿದ್ದು?”

“ಏನಿಲ್ಲ ಅಕ್ಕಾ,” ಎಂದೆ. “ಅಲ್ಲಿ ಸೆಕೆಯಂತೆ. ಕಾಟನ್ ಸೀರೆಯೂ ಎರಡು ಇಟ್ಕೊಳ್ಳಿ.”

ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು! ಪ್ರೀತಿಯಿಂದ ಅಳುವವರಿಗೆ ಬೇಡ ಎನ್ನುವುದು ಹೇಗೆ? ಐದಕ್ಕೆ ಐದು ನಿಮಿಷವಿದ್ದಾಗ ಏಜೆಂಟನಿಗೆ ಫೋನ್ ಮಾಡಿ, ಸ್ಪಷ್ಟ ಉಚ್ಚಾರದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ನನ್ನ ಜಾಗದಲ್ಲಿ ನಿಲ್ಲುವವರಿಬ್ಬರ ಹೆಸರನ್ನು ನಾನೇ ಬರೆಸಿದೆ. “ವಾಟರ್ ಪೋರಿಂಗ್‌ಗೂ ಅವರದೇ ಹೆಸರು ಹಾಕಪ್ಪಾ,” ಎಂದೆ. “ಸ್ಟೂಲ್ ಕ್ಯಾನ್ಸಲ್ ಮಾಡ್ಲಾ ಮ್ಯಾಡಮ್?” ಎಂದು ಕೇಳಿದ. ಇರಲಿ, ಕಂಬದ ಹತ್ತಿರ ಇಡಿಸು ಎಂದೆ. ಥ್ಯಾಂಕ್ಯೂ ಎಂದದ್ದೂ ನಾನೇ.

ಏಳೂವರೆಗೆ ಪ್ರಜ್ಞಾ ಬಂದಳು. ಏಜೆಂಟ್ ಅವಳಿಗೆ ಮೇಲ್ ಕಳಿಸಿಯಾಗಿತ್ತು. ರೇಗುತ್ತಾಳೆ, ಹಿಂದಿ ಮರಾಠಿ ಎರಡರಲ್ಲೂ ಬೈಯುತ್ತಾಳೆ ಎಂದು ತಯಾರಾಗಿ ಕೂತಿದ್ದೆ. ಅವಳು ಕೈಕಾಲು ತೊಳೆದು ಬಂದು, ಸಕ್ಕರೆ ಡಬ್ಬದ ಕೆಳಗಿನ ಹಾಳೆ ತೆಗೆದು, ನನ್ನ ದುಂಡಗಿನ ಅಕ್ಷರಗಳನ್ನು ಸ್ವಲ್ಪ ಹೊತ್ತು ನೋಡಿದಳು.

“ದೊಡ್ಡಮ್ಮ ಅವರದ್ದೇ ಗಿಂಡಿ ತರ್ತಾರಂತಾ?”

“ಹ್ಞೂಂ. ಬೆಳ್ಳಿಯದ್ದು.”

“ಓಕೆ.” ಪೆನ್ನು ತೆಗೆದು ಕೆಳಗಿನ ಗಿಂಡಿಯ ಸಾಲನ್ನು ನಿಧಾನವಾಗಿ ಅಡ್ಡಗೆರೆ ಎಳೆದು ಹೊಡೆದುಹಾಕಿದಳು. “ಹಾಗಾದ್ರೆ ಲಗೇಜಲ್ಲಿ ಒಂದು ಪಾಯಿಂಟ್ ಎಂಟು ಕಿಲೋ ಉಳೀತು ಅಮ್ಮಾ. ನಿನ್ನ ಮಂಡಿಯ ಎಣ್ಣೆ, ಶಾಖದ ಚೀಲ ಎಲ್ಲ ತಗೋಬಹುದು.”

ಚಹಾ ಕುಡಿಯುತ್ತೀಯಾ ಎಂದು ಕೇಳಿದೆ. ಬೇಡ ಎಂದಳು. ಎಷ್ಟು ಸಲೀಸಾಗಿ ಬೇಡ ಎನ್ನುತ್ತಾಳೆ! ಇವಳನ್ನೂ ಕಾನ್ವೆಂಟಿಗೇ ಕಳಿಸಿದ್ದೆ. ಆ ಪಾಠವನ್ನು ಎಲ್ಲಿ ಕಲಿತಳೋ. ಅದನ್ನು ಸ್ವಲ್ಪ ನನಗೂ ಹೇಳಿಕೊಡು ಎನ್ನಬೇಕೆಂದುಕೊಂಡೆ, ಅಷ್ಟರಲ್ಲಿ ಅವಳು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಿದ್ದಳು. ನಾನು ಬಾಲ್ಕನಿಯಿಂದ ಗಿಂಡಿಯನ್ನು ತಂದು, ಅಡುಗೆಮನೆಯಲ್ಲಿ ಕೂತು, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದೆ. ಎಲ್ಲಿಗೂ ಹೋಗದ ಪಾತ್ರೆಯನ್ನು ಅಷ್ಟು ಹೊಳೆಯಿಸುವುದು ಯಾಕೆ ಎಂದು ನನ್ನನ್ನು ಕೇಳಿದರೆ, ಸಾರಿ ಎಂದುಬಿಡುತ್ತೇನೆ.

ಬಾಗಿಲಿಗೆ ಎರಡು ಗುದ್ದು ಬಿತ್ತು. ಮಹಾದೇವಿ, ಕೈಯಲ್ಲಿ ಬಟ್ಟಲು, ಕರಿಬೇವಿಗೆ ಬಂದಿದ್ದಳು. ನಾನು ಬಾಲ್ಕನಿಯ ಗಿಡದಿಂದ ನಾಲ್ಕು ಎಸಳು ಕಿತ್ತು ಕೊಟ್ಟೆ. ಹೊಳೆಯುವ ಗಿಂಡಿಯ ಮೇಲೊಂದು ಕಣ್ಣು ಹಾಯಿಸಿ, ಹೊರಟವಳು ಹೊಸ್ತಿಲ ಹತ್ತಿರ ಏನೋ ನೆನಪಾಗಿ ತಿರುಗಿದಳು.

“ಮರತಿದ್ದೆ ನೋಡ್ರಿ ಅಕ್ಕಾರ, ನಾಳಿಗೆ ನೀರ ಬರಂಗಿಲ್ಲಂತ, ಪೈಪ್ ರಿಪೇರಿ ಐತಂತ. ನೀವ್ ಲಗೂನ ಎದ್ದ ಮಾಡೂದರ ಏನೈತಿ? ಆರಾಮ ಮಲ್ಕೋರಿ.”