ಗಡ್ಡೆ ಯಾವ ಜಾತೀದು?

ಅಳಬೇಕಾದ ಹೊತ್ತಿಗೇ ನಗು ಬರುವಂಥದ್ದು ಏನಾದರೂ ನಮ್ಮ ಮನೆಯಲ್ಲಿ ಆಗಿಯೇ ಆಗುತ್ತದೆ. ಹಾನಗಲ್ಲಿನ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು ನಾನು. ನಮ್ಮನೆಯವರದು ಪೇಟೆಯಲ್ಲಿ ಪಾತ್ರೆ ಅಂಗಡಿ. ಹೋದ ವರ್ಷ ಅವರ ಕಿಡ್ನಿ ಮೇಲೆ ಗಡ್ಡೆ ಕಂಡಿತು. ಆಗ ನಾನು ಅತ್ತದ್ದು ಬಹಳ. ನಕ್ಕದ್ದೂ ಇದೆ, ಅದನ್ನು ಯಾರ ಮುಂದೆ ಹೇಳುವುದೋ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ.

ಬಸ್ಸಿನಲ್ಲಿ

ಹೊಟ್ಟೆನೋವು ಬರೀ ಗ್ಯಾಸು ಅಂತ ಇವರು ತಿಂಗಳುಗಟ್ಟಲೆ ಓಮಿನಕಾಳು ಜಗಿದ ಮೇಲೆ ಹುಬ್ಬಳ್ಳಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಹೊಟ್ಟೆಯಲ್ಲಿ ಗ್ಯಾಸಿರಲಿಲ್ಲ, ಬಲಗಡೆ ಕಿಡ್ನಿ ಮೇಲೆ ಗಡ್ಡೆ ಇತ್ತು. ಎಡಗಡೆಯದು ಹುಟ್ಟಿದಾಗಿನಿಂದಲೇ ಮುರುಟಿಕೊಂಡು ಕೂತಿದೆ ಅನ್ನುವುದೂ ಅವತ್ತೇ ಗೊತ್ತಾಯಿತು. ಅಂದರೆ ಕೆಲಸ ಮಾಡುವುದು ಒಂದೇ, ಗಡ್ಡೆ ಇರುವುದೂ ಅದರ ಮೇಲೇ.

ಡಾಕ್ಟರು ಸಮಾಧಾನದಿಂದ ಹೇಳಿದರು: "ಕಿಡ್ನಿ ಗಡ್ಡಿ ಎಲ್ಲಾ ಒಂದ ಜಾತೀವಲ್ರಿ. ಕೆಲವು ಪಾಪದವು, ಸುಮ್ನ ಕುಂತಿರ್ತಾವ. ಅಂಥಾವು ಇದ್ರ ಮುಟ್ಟೂದು ಬ್ಯಾಡ. ಕೆಲವು ಕ್ಯಾನ್ಸರ್. ಇದು ಯಾವುದು ಅಂತ ಈ ಸ್ಕ್ಯಾನ್‌ನಾಗ ತಿಳೀವಲ್ದು. ಎಂ.ಆರ್.ಐ. ಮಾಡಿ ನೋಡೂಣು."

ನಮ್ಮ ಜೊತೆಗೆ ಬಂದವರು ಚಿಕ್ಕೇರೂರಿನಲ್ಲಿರುವ ನಮ್ಮನೆಯವರ ಅಕ್ಕ. ಆ ಹಿರಿಯಮ್ಮನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಿದರೆ ಆ ಕಡೆ ಮುಟ್ಟುವುದಿಲ್ಲ ಅನ್ನುವ ನಂಬಿಕೆ. ವಾಪಸ್ಸು ಬರುವ ಬಸ್ಸು ಶಿಗ್ಗಾಂವಿ ದಾಟುವಾಗ ಅವರಿಗೆ ಅವರ ಮಗನ ಫೋನು ಬಂತು.

"ಜಾತಿ ಇನ್ನೂ ಗೊತ್ತಾಗಿಲ್ಲೋ! ಚಲೋ ಜಾತೀದಿದ್ರ ಇರ್ಲಿ ಅಂತ ಬಿಟ್ಟಬಿಡೂದು. ಕೆಟ್ಟ ಜಾತೀದಿದ್ರ ಕೊಯ್ದು ಒಗೀಬೇಕಂತ!"

ಕಂಡಕ್ಟರ್ ಟಿಕೀಟು ಹರಿಯುವುದನ್ನು ನಿಲ್ಲಿಸಿದ. ಮುಂದಿನ ಸೀಟಿನ ಮುದುಕರೊಬ್ಬರು ಹಿಂದೆ ತಿರುಗಿ ಕೈಮುಗಿದರು.

"ಯವ್ವಾ, ಕಾಲ ಬದಲಾಗೇತಿ. ಹುಡುಗ ಹುಡುಗಿ ಮೆಚ್ಚಿದ ಮ್ಯಾಲ ಸುಮ್ನ ಅಕ್ಕಿಕಾಳು ಹಾಕಿಬಿಡ್ರಿ. ಕೊಯ್ಯೂದು ಗಿಯ್ಯೂದು ಬ್ಯಾಡ್ರಿ."

ಅಯಸ್ಕಾಂತ

ಎಂ.ಆರ್.ಐ. ಕೋಣೆಯ ಹೊರಗೆ ಟೆಕ್ನಿಷಿಯನ್, "ಸಾವ್ಕಾರ್ರ, ಮೈಮ್ಯಾಲಿನ ಲೋಹದ್ದೆಲ್ಲಾ ತೆಗೀರಿ. ಒಳಗ ದೊಡ್ಡ ಅಯಸ್ಕಾಂತ ಐತಿ" ಅಂದ.

ವಾಚು, ಉಂಗುರ, ಉಡದಾರ ಬಂದವು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯ ಹತ್ತಿರ ಕೈ ಹೋಗಿ ನಿಂತುಬಿಟ್ಟಿತು. "ಪ್ರಾಣ ಹೋದ್ರೂ ಲಿಂಗ ಮೈಬಿಟ್ಟು ಇಳಸೂದಿಲ್ರಿ" ಅಂದರು. ಕೊನೆಗೆ ಕರಡಿಗೆ ಮಾತ್ರ ನನ್ನ ಕೈಗೆ ಕೊಟ್ಟು, ಲಿಂಗವನ್ನು ಅರಿವೆಯಲ್ಲಿ ಸುತ್ತಿ ತೋಳಿಗೆ ಕಟ್ಟಿಕೊಂಡರು. ಗಂಟು ಹಾಕಲು ಅವರ ಕೈಗೆ ಮೂರು ಸಲ ಬೇಕಾಯಿತು. ಅಂಗಡಿಯಲ್ಲಿ ದೊಡ್ಡ ಹಂಡೆಗಳನ್ನು ಒಂದರ ಮೇಲೊಂದು ಪೇರಿಸುವ ಕೈ ಅವು. ನಾನು ಗೋಡೆ ಕಡೆ ಮುಖ ಮಾಡಿದೆ.

"ಎಲ್ಲಾ ಆತಿಲ್ರಿ?" ಅಂತ ಟೆಕ್ನಿಷಿಯನ್ ಜುಬ್ಬಾದ ಕಿಸೆ ಮುಟ್ಟಿ ನೋಡಿ ಬೆಚ್ಚಿದ. "ಇದೇನ್ರಿ?"

"ಅಯಸ್ಕಾಂತ" ಅಂದರು ಇವರು. ಸ್ಟೀಲು ಅಸಲೋ ನಕಲೋ ಅಂತ ಗಿರಾಕಿಗಳಿಗೆ ತೋರಿಸಲು ಯಾವಾಗಲೂ ಕಿಸೆಯಲ್ಲಿ ಇಟ್ಟುಕೊಂಡಿರುತ್ತಾರೆ. "ನಿಮ್ಮದು ಕೈಕೊಟ್ರ ಇರ್ಲಿ ಅಂತ ತಂದೇನಿ."

ಹೂನ್ರಿ

ಯಾರು ಏನು ಹೇಳಿದರೂ "ಹೂನ್ರಿ" ಅನ್ನದೆ ಬಿಟ್ಟವರಲ್ಲ ನಮ್ಮನೆಯವರು. ಗಿರಾಕಿ ಬೈದರೂ ಹೂನ್ರಿ. ಎಂ.ಆರ್.ಐ.ಯಲ್ಲಿ ಚಿತ್ರ ತೆಗೆಯುವಾಗ ಉಸಿರು ಹಿಡಿದು ಅಲುಗಾಡದೆ ಇರಬೇಕು. ಟೆಕ್ನಿಷಿಯನ್ ಮೈಕಿನಲ್ಲಿ, "ಉಸಿರು ತೊಗೋರಿ... ಹಿಡೀರಿ" ಅಂದ.

ಒಳಗಿನಿಂದ ಮರ್ಯಾದೆಯ ದನಿ ಬಂತು: "ಹೂನ್ರಿ."

"ಮಾತಾಡಬ್ಯಾಡ್ರಿ, ಸಾವ್ಕಾರ್ರ."

"ಆತ್ರಿ."

ಮತ್ತೆ ಶುರು, ಮತ್ತೆ ಹೂನ್ರಿ. ಕೊನೆಗೆ ಟೆಕ್ನಿಷಿಯನ್ ಬಾಗಿಲು ತೆರೆದು ನನ್ನನ್ನು ಕರೆದ. "ಅಮ್ಮಾರ, ಚಿತ್ರಾ ಅಳ್ಳಾಡಿ ಒಂದು ಗಡ್ಡಿ ಎರಡಾಗಿ ಕಾಣಾಕತ್ತೈತಿ. ನೀವರ ಹೇಳ್ರಿ."

ಒಂದು ಗಡ್ಡೆಯೇ ನನಗೆ ಸಾಕಾಗಿತ್ತು. ಗಾಜಿನಾಚೆ ಆ ಸುರಂಗದಿಂದ ಅವರ ಪಾದ ಎರಡೇ ಹೊರಗೆ ಕಾಣುತ್ತಿದ್ದವು. ಹಾಗೆ ನೋಡಬಾರದು ಅನ್ನಿಸಿತು. ಮೈಕು ಹಿಡಿದದ್ದೇ ತಡ, ಶಾಲೆಯ ದನಿ ತಾನಾಗಿ ಬಂತು: "ಇನ್ನ ಒಂದು ಮಾತಾಡಿದ್ರ ಹೊರಗ ನಿಲ್ಲಸ್ತೇನಿ! ಉಸಿರು ಹಿಡೀರಿ!"

ಒಳಗೆ ಪೂರಾ ಮೌನ. ಚಿತ್ರ ಬಹಳ ಚಲೋ ಬಂತು. ಟೆಕ್ನಿಷಿಯನ್ ಖುಷಿಯಿಂದ "ಬಿಡ್ರಿ" ಅಂದ. ಇವರು ಬಿಡಲಿಲ್ಲ. "ಬಿಡ್ರೀ ಸಾವ್ಕಾರ್ರ!" ಅಂದ. ಊಹೂಂ.

ಅವನು ಗಾಬರಿಬಿದ್ದು ಮೈಕನ್ನು ನನ್ನ ಬಾಯಿಗೆ ಹಿಡಿದ. "ಅಮ್ಮಾರ, ಲಗೂನ ಬಿಡಾಕ ಹೇಳ್ರಿ! ನನ್ನ ಮಾತು ಕೇಳವಲ್ರು!"

ಗ್ಯಾರಂಟಿ

ಮುಂದಿನ ವಾರ ಡಾಕ್ಟರು ಚಿತ್ರ ತೋರಿಸಿದರು. ಕಪ್ಪು ಪರದೆಯ ಮೇಲೆ ಕಿಡ್ನಿ ಬೂದಿಬಣ್ಣಕ್ಕಿತ್ತು. ಅದರ ಅಂಚಿಗೆ ಒಂದು ಉಂಡೆ ಬೆಳ್ಳಗೆ ಹೊಳೆಯುತ್ತಿತ್ತು.

"ಎಷ್ಟು ಚಂದ ಹೊಳಿಯಾಕತ್ತೈತಿ! ಪಾಪದ್ದ ಇರಬೇಕು" ಅಂದರು ಇವರು.

"ಅದು ಹೊಳಿಯೂದ ನಮಗ ಚಿಂತಿ ಆಗೇತ್ರಿ" ಅಂದರು ಡಾಕ್ಟರು. "ಒಳಗ ಕೊಬ್ಬು ಕಂಡಿದ್ರ ಪಾಪದ್ದು ಅಂತ ಮನಿಗೆ ಕಳಿಸ್ತಿದ್ದೆ. ಅದು ಕಾಣವಲ್ದು. ಚಿತ್ರದಾಗ ಚಲೋ ಕಾಣ್ಲಿ ಅಂತ ಇಂಜೆಕ್ಷನ್ ಕೊಟ್ಟ ಮ್ಯಾಲ ರಕ್ತಾನೂ ಗಟಗಟ ಕುಡದೈತಿ. ಬಹುತೇಕ ಕ್ಯಾನ್ಸರ್ ಜಾತೀದ. ಆದ್ರ ಪಾಪದವುಗಳಾಗೂ ಒಂದೊಂದು ಹಿಂಗ ವೇಷಾ ಹಾಕ್ಕೊಂಡು ಕುಂತಿರ್ತಾವ. ತಗದು ನೋಡೂತನಕ ನೂರಕ್ಕ ನೂರು ಹೇಳಾಕ ಬರೂದಿಲ್ರಿ."

"ಅಷ್ಟು ದೊಡ್ಡ ಮಷೀನಿಗೂ ಗ್ಯಾರಂಟಿ ಇಲ್ಲೇನ್ರಿ?"

"ಇಲ್ರಿ."

"ಗ್ಯಾರಂಟಿ ಇಲ್ದ ನಾ ಒಂದು ಚಮಚಾನೂ ಮಾರಿಲ್ರಿ!"

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಸಾವ್ಕಾರ್ರ, ನಿಮ್ಮನ್ನ ಮಾಡಿದ ಕಂಪನಿಯವ್ರೂ ನನಗ ಗ್ಯಾರಂಟಿ ಕಾರ್ಡ್ ಕೊಟ್ಟಿಲ್ರಿ."

ಪೇಡೆ

ವಾಪಸ್ಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಹೊರಗೆ ನೋಡುತ್ತ, "ಅಂಗಡಿ ಕಪಾಟದ ಕೀಲಿ ಸ್ವಲ್ಪ ಎತ್ತಿ ತಿರುವಿದ್ರ ಮಾತ್ರ ತೆರಿತೈತಿ. ನಿನಗ ತೋರಸ್ತೇನಿ" ಅಂದರು. ಮದುವೆಯಾದಾಗಿನಿಂದ ಆ ಕೀಲಿ ಮುಟ್ಟಲು ನನ್ನನ್ನು ಬಿಟ್ಟವರಲ್ಲ. ಊರು ಬರುವತನಕ ಸೆರಗು ಬಾಯಿಗೆ ಒತ್ತಿಕೊಂಡೇ ಕೂತೆ.

ಆಪರೇಷನ್ ಆಯಿತು. ಗಡ್ಡೆಯ ಜೊತೆ ಕಿಡ್ನಿಯ ಒಂದು ಪಾಲು ಹೋಯಿತು, ಉಳಿದದ್ದು ಉಳಿಯಿತು. ತೆಗೆದ ಗಡ್ಡೆ ಪರೀಕ್ಷೆಗೆ ಹೋಗಿ ವರದಿ ಬರುವತನಕ ನಾನು ಕಂಡ ಕಂಡ ದೇವರಿಗೆ ಪಾಪದ್ದಿರಲಿ ಅಂತ ಬೇಡಿಕೊಂಡೆ. ಇವರೂ ಹಾಸಿಗೆಯಲ್ಲಿ ಕಣ್ಣುಮುಚ್ಚಿ ಏನೋ ಬೇಡಿಕೊಳ್ಳುತ್ತಿದ್ದರು. ನಾವಿಬ್ಬರೂ ಒಂದೇ ಬೇಡುತ್ತಿದ್ದೇವೆ ಅಂದುಕೊಂಡಿದ್ದೆ.

ವರದಿ ಬಂದ ದಿನ ಡಾಕ್ಟರು ಮೆಲ್ಲಗೆ ಹೇಳಿದರು: "ಎಂ.ಆರ್.ಐ. ನೋಡಿ ನಾವು ಮಾಡಿದ ಅಂದಾಜು ಖರೇ ಆತ್ರಿ. ಕ್ಯಾನ್ಸರೇ."

ನಾನು ಅತ್ತುಬಿಟ್ಟೆ. ಪಕ್ಕದಲ್ಲಿ ಇವರು ಹಿಡಿದಿದ್ದ ಉಸಿರು ಬಿಟ್ಟು, "ಸದ್ಯ!" ಅಂದರು.

"ಏನ್ ಸದ್ಯಾರೀ?" ಅಂದೆ, ಅಳುತ್ತಲೇ.

"ಮತ್ತ? ಪಾಪದ್ದಿದ್ದು ಕೊಯ್ಸಿಕೊಂಡಿದ್ರ? ಇದ್ದೊಂದು ಕಿಡ್ನೀನ ಸುಳ್ಳ ಕತ್ತರಿಸಿಕೊಂಡೆ ಅಂತ ಸಾಯೂತನಕ ಹೊಟ್ಟಿ ಉರೀತಿತ್ತು. ಮಾಡಿದ್ದು ಹಾಳಾಗಲಿಲ್ಲ ಬಿಡು."

ಡಾಕ್ಟರು ಅವರನ್ನೇ ನೋಡುತ್ತ, ಮತ್ತೆ ಬರುವುದಿಲ್ಲ ಅಂತ ಹೇಳಲಾಗದು, ಇನ್ನು ಮುಂದೆ ಆಗಾಗ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು ಅಂದರು. ಇವರು ಎದ್ದು ಅವರ ಕೈ ಕುಲುಕಿದರು. ನನ್ನ ಕಡೆ ತಿರುಗಿ, "ಹೋಗು, ಡಾಕ್ಟರಿಗೆ ಪೇಡೆ ತೊಗೊಂಡು ಬಾ. ಅಂದಾಜು ತಪ್ಪಲಿಲ್ಲ" ಅಂದರು.

ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ನಿಂತೆ. ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಅಂಗಡಿಯವನಿಗೆ ಆಸ್ಪತ್ರೆಯಿಂದ ಅಳುತ್ತ ಬಂದು ಪೇಡೆ ಒಯ್ಯುವ ಅಜ್ಜಿಯಂದಿರು ಹೊಸಬರಲ್ಲ. ತಕ್ಕಡಿಗೆ ಪೇಡೆ ಹಾಕುತ್ತ ನಕ್ಕು ಕೇಳಿದ:

"ಗಂಡೋ ಹೆಣ್ಣೋ, ಅಕ್ಕಾರ?"

"ಕ್ಯಾನ್ಸರಪ್ಪಾ" ಅಂದೆ. "ಅರ್ಧ ಕಿಲೋ ಕೊಡು."