ಸಿಕ್ಸ್ಟನ್ ಕಾರಿನ ಸದ್ದಡಗಿಸಿದ್ದು

ಗುನ್ವರ್‌ಗೆ ಒಂದು ಮಾತು ಹೇಳಬೇಕೆಂದು ಸಿಕ್ಸ್ಟನ್ ಮೂರು ವರ್ಷದಿಂದ ಒದ್ದಾಡುತ್ತಿದ್ದ. ಅದಕ್ಕೆ ಅಡ್ಡ ಬರುತ್ತಿದ್ದದ್ದು ತನ್ನ ಕಾರಿನ ಸದ್ದು ಎಂದು ಅವನು ದೃಢವಾಗಿ ನಂಬಿದ್ದ. ಪುಕ್ಕಲುತನ ಅಡ್ಡ ಬರುತ್ತಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ತಪ್ಪನ್ನು ಕಾರಿನ ಮೇಲೆ ಹೊರಿಸುವುದು ಸುಲಭ. ಕಾರು ಎದುರು ಮಾತಾಡುವುದಿಲ್ಲ.

ಓರ್ಸಾ ಊರಿನ ಪುರಸಭೆಯಲ್ಲಿ ಜಮೀನು ಅಳೆಯುವ ಕೆಲಸ ಮಾಡಿಕೊಂಡಿದ್ದ ಸಿಕ್ಸ್ಟನ್‌ಗೆ ಐವತ್ತೆಂಟು ದಾಟಿತ್ತು, ಮದುವೆಯಾಗಿರಲಿಲ್ಲ. ಗುನ್ವರ್ ಹಲ್ಲಿನ ಡಾಕ್ಟರ ಬಳಿ ನರ್ಸಾಗಿದ್ದು ನಿವೃತ್ತಳಾದ ವಿಧವೆ. ಇಬ್ಬರೂ ಚರ್ಚಿನ ಗಾಯಕರ ಗುಂಪಿನಲ್ಲಿ ಹಾಡುತ್ತಿದ್ದರು. ಸರೋವರದ ಆಚೆಯ ರೆಟ್ವಿಕ್‌ನಲ್ಲಿ ಹಾಡುವುದಿದ್ದಾಗಲೆಲ್ಲ ಅವನೇ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಆ ಸೀಮೆಯ ಗಂಡಸರು ಎದುರಾಬದುರು ಕೂತು ಮನಸ್ಸಿನ ಮಾತು ಆಡುವವರಲ್ಲ. ಗಾಜಿನಾಚೆ ರಸ್ತೆಯನ್ನೇ ದಿಟ್ಟಿಸುತ್ತ, ಕೈ ಸ್ಟಿಯರಿಂಗ್ ಮೇಲಿಟ್ಟುಕೊಂಡು ಆಡಬೇಕು. ಆದರೆ ಸಿಕ್ಸ್ಟನ್‌ನ ಹಳೆಯ ಕಾರು ಎಪ್ಪತ್ತರ ವೇಗ ದಾಟಿತೆಂದರೆ ಹಿಟ್ಟಿನ ಗಿರಣಿಯೊಳಗೆ ಕೂತಂತಾಗುತ್ತಿತ್ತು. ಗಿರಣಿಯಲ್ಲಿ ನಿಂತು ಹೆಣ್ಣು ಕೇಳಿದವರು ಯಾರಿದ್ದಾರೆ?

ಆ ಶನಿವಾರ ಸಂಜೆ ಬೇಸಿಗೆಯ ಕೊನೆಯ ಕಾರ್ಯಕ್ರಮ. ಸೋಮವಾರ ಗುನ್ವರ್ ದಕ್ಷಿಣದಲ್ಲಿದ್ದ ತಂಗಿಯ ಮನೆಗೆ ಹೊರಟರೆ ಬರುವುದು ಚಳಿ ಶುರುವಾದ ಮೇಲೆ. ಆದದ್ದಾಗಲಿ, ಇವತ್ತೇ ಕಾರಿನ ಬಾಯಿ ಮುಚ್ಚಿಸುತ್ತೇನೆ ಎಂದು ಸಿಕ್ಸ್ಟನ್ ಬೆಳಿಗ್ಗೆಯೇ ಬಿಡಿಭಾಗಗಳ ಅಂಗಡಿಗೆ ಹೋದ. ಅಲ್ಲಿನ ಹೆಂಗಸು ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ ದಪ್ಪ ರಬ್ಬರ್ ಪಟ್ಟಿಗಳನ್ನು ತೋರಿಸಿದಳು. ತಗಡು ನಡುಗುವುದನ್ನು ಇದು ತಡೆಯುತ್ತದೆ, ಇದರ ಮೇಲೆ ಸದ್ದು ಹೀರುವ ಸ್ಪಂಜು, ಅದರ ಮೇಲೆ ಇನ್ನೊಂದು ಪದರ ಎಂದು ವಿವರಿಸಿದಳು. ಇಡೀ ಕಾರಿಗೆ ಎಷ್ಟಾಗುತ್ತದೆ ಎಂದು ಕೇಳಿ ತಿಳಿದ ಮೇಲೆ, ಅಷ್ಟು ದುಡ್ಡಿಗೆ ಇಷ್ಟೇ ಸದ್ದು ಮಾಡುವ ಇನ್ನೊಂದು ಕಾರನ್ನೇ ಕೊಳ್ಳಬಹುದಲ್ಲ ಎನಿಸಿ ಸಿಕ್ಸ್ಟನ್ ಬರಿಗೈಯಲ್ಲಿ ಮರಳಿದ.

ಮನೆಯ ಮುಂದೆ ನಿಂತು, ಡಾಕ್ಟರು ರೋಗಿಯ ಬೆನ್ನು ತಟ್ಟುವ ಹಾಗೆ ಕಾರಿನ ಬಾಗಿಲು ತಟ್ಟಿ ನೋಡುತ್ತಿದ್ದದ್ದೇ ಅವನು ಮಾಡಿದ ತಪ್ಪು. ಪಕ್ಕದ ಮನೆಯ ಟೂರೆ ಅದನ್ನು ನೋಡಿಬಿಟ್ಟ. ಟೂರೆ ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದವನು. ಈಗ ತಪಾಸಣೆಗೆ ಬಸ್ಸಿಲ್ಲದ ಕಾರಣ ನೆರೆಹೊರೆಯವರನ್ನೇ ತಪಾಸಣೆ ಮಾಡಿಕೊಂಡಿದ್ದ. ವಿಷಯ ಕೇಳಿದವನೇ ಗ್ಯಾರೇಜಿಗೆ ಹೋಗಿ, ಬೇಸಿಗೆ ಕಳೆಯಲು ಕಟ್ಟಿಕೊಂಡಿದ್ದ ಮನೆಯ ಚಾವಣಿ ಸೋರದಂತೆ ಅಂಟಿಸಿ ಉಳಿದಿದ್ದ ಡಾಂಬರು ಪಟ್ಟಿಯ ಸುರುಳಿಗಳನ್ನು ಹೊತ್ತು ತಂದ.

"ಅದೇ ಬೆಳ್ಳಿ ಹಾಳೆ, ಅದೇ ಅಂಟು. ಮನೆಗೆ ಹಚ್ಚಿದ್ರೆ ಅಗ್ಗ, ಕಾರಿಗೆ ಹಚ್ಚಿದ್ರೆ ದುಬಾರಿ. ನಿನ್ನಂಥೋರು ಇರೋದ್ರಿಂದಲೇ ಅವರ ಅಂಗಡಿ ನಡೀತಿರೋದು" ಎಂದ.

ಅಷ್ಟರಲ್ಲಿ ಎದುರು ಮನೆಯ ವಿವೇಕಾ ಬಂದಳು. ಹೆಸರಿನಲ್ಲಿದ್ದದ್ದು ತಲೆಗೂ ಸ್ವಲ್ಪ ಇಳಿದಿದ್ದರೆ ಅವಳು ಮನೆಯಲ್ಲೇ ಇರುತ್ತಿದ್ದಳು. ಯೋಗ ಕಲಿಸುವ ಅವಳ ಪ್ರಕಾರ ಡಾಂಬರು ವಿಷ. ತನ್ನ ಶಾಲೆಯ ಹಳೆಯ ಯೋಗದ ಚಾಪೆಗಳೇ ಸದ್ದಿಗೆ ಮದ್ದು. ಡಾಂಬರು ನಾರುತ್ತದೆ ಎಂದು ಅವಳು, ಚಾಪೆ ಅದಕ್ಕಿಂತ ನಾರುತ್ತದೆ, ಅದರ ಮೇಲೆ ಊರಿನ ಅರ್ಧ ಜನ ಬೆವರಿದ್ದಾರೆ ಎಂದು ಅವನು. ಇಬ್ಬರೂ ಸಿಕ್ಸ್ಟನ್‌ನ ಅಭಿಪ್ರಾಯ ಕೇಳಿದರು; ಅವನು ಬಾಯಿ ತೆರೆಯುವ ಮೊದಲೇ ಮತ್ತೆ ಜಗಳಕ್ಕಿಳಿದರು. ಪುಕ್ಕಟೆ ತಂದುಕೊಟ್ಟದ್ದನ್ನು ಬೇಡ ಎನ್ನುವ ಎದೆಗಾರಿಕೆ ಅವನಿಗೆ ಇರಲಿಲ್ಲ. ಕೊನೆಗೆ ಕೆಳಗೆ ಡಾಂಬರು, ಮೇಲೆ ಚಾಪೆ ಎಂದು ಒಪ್ಪಂದವಾಯಿತು. ಕಾರು ಯಾರದು ಎಂಬುದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಸೀಟುಗಳನ್ನು ಬಿಚ್ಚಿ ಹುಲ್ಲಿನ ಮೇಲಿಟ್ಟರು. ಪಟ್ಟಿ ಮೆತ್ತಗಾಗಿ ಅಂಟಲೆಂದು ವಿವೇಕಾಳ ಕೂದಲು ಒಣಗಿಸುವ ಯಂತ್ರವನ್ನು ಸಿಕ್ಸ್ಟನ್ ಹಿಡಿದ. ಎಲ್ಲಿ ಅಂಟಿಸಬೇಕೆಂದು ಟೂರೆ ಹುಲ್ಲಿನ ಮೇಲಿದ್ದ ಹಿಂದಿನ ಸೀಟಿನಲ್ಲಿ ಒರಗಿಕೊಂಡು, ಕಾಫಿ ಕುಡಿಯುತ್ತ ಬೆರಳು ತೋರಿಸಿದ. ಪಟ್ಟಿ ಮೊದಲು ಸಿಕ್ಸ್ಟನ್‌ನ ಮೊಣಕೈಗೆ ಅಂಟಿತು, ಆಮೇಲೆ ಅವನ ತಲೆಗೂದಲಿಗೆ. ಇವೆರಡೂ ಬೇಸರವಾದ ಮೇಲೆ ಕಾರಿಗೂ ಅಂಟಿತು. ಮಧ್ಯಾಹ್ನದ ಬಿಸಿಲಿಗೆ ಒಳಗೆಲ್ಲ ಡಾಂಬರಿನ ಘಾಟು ತುಂಬಿಕೊಂಡಿತು. ರಸ್ತೆಯ ಸದ್ದು ಒಳಗೆ ಬರಬಾರದೆಂದು ರಸ್ತೆಯನ್ನೇ ಒಳಗೆ ಹಾಸಿಕೊಂಡಂತಾಯಿತು.

ಸೀಟುಗಳನ್ನು ಮರಳಿ ಕೂರಿಸುವಾಗ ಚಾಲಕನ ಪಕ್ಕದ ಸೀಟಿನ ಬೋಲ್ಟುಗಳು ಕಾಣಲಿಲ್ಲ. ಹುಲ್ಲಿನಲ್ಲಿ ತೆವಳಿ ಹುಡುಕಿದ್ದಾಯಿತು. ಕೊನೆಗೆ ನೋಡಿದರೆ ಕಾರಿನೊಳಗೆ ನೆಲದ ಒಂದು ಮೂಲೆಯಲ್ಲಿ ಡಾಂಬರು ಪಟ್ಟಿಯಡಿ ನಾಲ್ಕು ಉಬ್ಬುಗಳು ಎದ್ದು ನಿಂತಿದ್ದವು. ಅವನ್ನು ಕೀಳಲು ಹೋದರೆ ಇಡೀ ಹಾಸು ಕಿತ್ತು ಬರುತ್ತಿತ್ತು. ಅಲ್ಲಿ ಅಂಟಿಸು ಎಂದು ಬೆರಳು ತೋರಿಸಿದವನು ತಾನಲ್ಲ ಎಂದು ಟೂರೆ ಆಣೆ ಮಾಡಿದ.

"ಅವಳು ಹಿಂದೆ ಕೂತ್ಕೊಳ್ಳಲಿ ಬಿಡು, ಮಂತ್ರಿಗಳೆಲ್ಲ ಹಿಂದೇನೇ ಕೂರೋದು" ಎಂದ.

ಯಾರು ಹಿಂದೆ ಕೂರುವುದು ಎಂದು ಸಿಕ್ಸ್ಟನ್ ಯಾರಿಗೂ ಹೇಳಿರಲಿಲ್ಲ. ಆದರೆ ವಿವೇಕಾ ಮನೆಗೆ ಓಡಿಹೋಗಿ ತನ್ನ ತೋಟದ ಹೂವಿನ ಗೊಂಚಲೊಂದನ್ನು ತಂದು ಹಿಂದಿನ ಸೀಟಿನ ಮೇಲಿಟ್ಟಳು. ಅವನ ಮನಸ್ಸಿನಲ್ಲಿದ್ದದ್ದು ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಗುನ್ವರ್‌ಗೆ ಮಾತ್ರ ಎಂದು ಅವನು ಅಂದುಕೊಂಡ.

ಸೀಮೆಎಣ್ಣೆಯಲ್ಲಿ ಕೂದಲು ತಿಕ್ಕಿ, ಅದರ ವಾಸನೆ ಮುಚ್ಚಲು ಅತ್ತರು ಹಾಕಿ, ಬಿಳಿ ಅಂಗಿ ತೊಟ್ಟು ಅವನು ಗುನ್ವರ್‌ಳ ಮನೆ ಮುಂದೆ ನಿಂತ. ಅವಳು ಕಾರಿನ ಬಾಗಿಲು ತೆರೆದು, ಮುಂದಿನ ಸೀಟಿರಬೇಕಾದ ಜಾಗ ನೋಡಿದಳು, ಅವನ ಮುಖ ನೋಡಿದಳು, ಹಿಂದೆ ಹೋಗಿ ಕೂತಳು. ಹೂವನ್ನು ಪಕ್ಕಕ್ಕೆ ಸರಿಸಿ ಕಿಟಕಿಯ ಗಾಜನ್ನು ಎರಡು ಬೆರಳಷ್ಟು ಇಳಿಸಿಕೊಂಡಳು.

ಕಾರು ಹೊರಟಿತು. ಎಪ್ಪತ್ತು ದಾಟಿತು, ತೊಂಬತ್ತು ಮುಟ್ಟಿತು. ಗಿರಣಿ ನಿಂತುಹೋಗಿತ್ತು. ಎರಡು ಬೆರಳಿನ ಸಂದಿಯಲ್ಲಿ ಬರುವ ಗಾಳಿಯ ಸಿಳ್ಳೆಯೊಂದು ಬಿಟ್ಟರೆ ಬೇರೆ ಸದ್ದಿಲ್ಲ. ಅವಳು ಗಾಜು ಏರಿಸಿದಾಗ ಅದೂ ನಿಂತಿತು. ಟೂರೆಯಂಥವನ ಮಾತೂ ಒಮ್ಮೊಮ್ಮೆ ನಿಜವಾಗುವುದುಂಟೆಂದು ಸಿಕ್ಸ್ಟನ್‌ಗೆ ಅಳುಬರುವಷ್ಟು ಸಂತೋಷವಾಯಿತು.

ಸರೋವರ ಕಾಣುವ ತಿರುವಿನಲ್ಲಿ ಅವನು ಕನ್ನಡಿಯೊಳಗಿನ ಗುನ್ವರ್‌ಳ ಅರ್ಧ ಮುಖವನ್ನು ನೋಡುತ್ತ ಮೂರು ವರ್ಷದ ಮಾತನ್ನು ಹೊರಗೆ ಹಾಕಿದ.

"ಗುನ್ವರ್, ನಾವಿಬ್ರೂ ಒಂದೇ ಮನೇಲಿ ಇದ್ರೆ ಹೇಗೆ?"

ಪಿಸುಮಾತಿಗಿಂತ ಚೂರು ಮೇಲಿತ್ತು, ಅಷ್ಟೆ. ಆದರೂ ಒಂದಕ್ಷರ ಪೋಲಾಗಲಿಲ್ಲ.

"ಇದನ್ನ ನಾನೇ ನಿನ್ನ ಹತ್ರ ಫೆಬ್ರವರೀಲಿ ಕೇಳಿದ್ದೆ," ಎಂದಳು ಗುನ್ವರ್. "ಇದೇ ರಸ್ತೇಲಿ. ಹೆಚ್ಚುಕಮ್ಮಿ ಇದೇ ಮಾತು."

ಸಿಕ್ಸ್ಟನ್‌ನ ಕಾಲು ತಾನಾಗಿ ವೇಗ ತಗ್ಗಿಸಿತು. "ನಾನೇನಂದೆ?"

"ಏಪ್ರಿಲ್ ತನಕ ತಡ್ಕೋ, ಆಮೇಲೆ ತಾನಾಗೇ ಹೋಗತ್ತೆ ಅಂದೆ."

ಅವನಿಗೆ ನೆನಪಾಯಿತು. ಮಂಜುಗಡ್ಡೆಯ ಮೇಲೆ ಜಾರದಿರಲೆಂದು ಚಳಿಗಾಲದಲ್ಲಿ ಹಾಕಿ ಏಪ್ರಿಲ್‌ನಲ್ಲಿ ಬಿಚ್ಚುವ ಮೊಳೆ ಟೈರುಗಳು ಆಗ ರಸ್ತೆಯನ್ನು ಕೊರೆಯುತ್ತಿದ್ದವು. ಅವಳ ತುಟಿ ಅಲ್ಲಾಡಿದ್ದು ಮಾತ್ರ ಕಂಡಿತ್ತು. ಟೈರಿನ ಸದ್ದಿಗೆ ಬೇಸತ್ತು ಏನೋ ಹೇಳುತ್ತಿದ್ದಾಳೆಂದು ತಿಳಿದು ಅವನು ಸಮಾಧಾನದ ಮಾತಾಡಿದ್ದ.

"ನಾನು ತಡ್ಕೊಂಡೆ. ನೀನು ಹೇಳಿದ ಹಾಗೆ ಏಪ್ರಿಲ್‌ನಲ್ಲಿ ಹೋಯ್ತು" ಎಂದಳು ಅವಳು. "ಮೇ ತಿಂಗಳಲ್ಲಿ ಆಲ್ವಾರ್ ಕೇಳಿದ. ಹೂಂ ಅಂದೆ."

ಆಲ್ವಾರ್ ಎಂದರೆ ಗುಂಪಿನ ಹಿಂದಿನ ಸಾಲಿನಲ್ಲಿ ನಿಂತು ಯಾವ ಹಾಡು ಬಂದರೂ ಒಂದೇ ಸ್ವರ ಹಿಡಿಯುವ ಆಲೂಗಡ್ಡೆ ಬೆಳೆಗಾರ. ಅವನ ಹತ್ತಿರ ಕಾರೂ ಇರಲಿಲ್ಲ. ಮೊಣಕೈಯ ಚರ್ಮ ಸುಲಿಸಿಕೊಂಡು ಕೂತಿದ್ದ ಸಿಕ್ಸ್ಟನ್‌ಗೆ ಅನ್ಯಾಯವಾಯಿತೆನಿಸಿತು.

"ಅವನ ಟ್ರ್ಯಾಕ್ಟರು ನನ್ನ ಕಾರಿಗಿಂತ ಹತ್ತು ಪಾಲು ಗಲಾಟೆ ಮಾಡತ್ತೆ" ಎಂದ.

"ಮಾಡತ್ತೆ," ಎಂದು ಗುನ್ವರ್ ಒಪ್ಪಿಕೊಂಡಳು. "ಆದ್ರೆ ನಾನು ಬಾಯಿ ತೆರೆದ ತಕ್ಷಣ ಅವನು ಇಂಜಿನ್ ಆಫ್ ಮಾಡ್ತಾನೆ."

ರೆಟ್ವಿಕ್ ಇನ್ನೂ ಇಪ್ಪತ್ತು ಕಿಲೋಮೀಟರ್ ದೂರವಿತ್ತು. ಅವಳು ಉಸಿರಾಡುವುದು ಕೇಳುತ್ತಿತ್ತು. ಹೂವಿನ ಒಂದು ಎಸಳು ಸೀಟಿನ ಮೇಲೆ ಬಿದ್ದದ್ದೂ ಕೇಳಿಸಿತೆಂದು ಸಿಕ್ಸ್ಟನ್ ಆಮೇಲೆ ಹೇಳಿಕೊಂಡಿದ್ದಾನೆ. ಸ್ವಲ್ಪ ದೂರ ತಾಳಿಕೊಂಡ. ಆಮೇಲೆ ಬಾಗಿಲಿನ ಗುಂಡಿಗಳತ್ತ ಕೈ ಚಾಚಿ ನಾಲ್ಕೂ ಕಿಟಕಿಗಳ ಗಾಜನ್ನು ಪೂರ್ತಿ ಇಳಿಸಿದ.