ಮೊಮ್ಮಗಳ ಟೈರಿಗೆ ಪ್ರಾಣದೇವರು

ಚಕ್ರಕ್ಕೆ ಗಾಳಿ ಹಾಕುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂದು ಹೋದ ವರ್ಷದವರೆಗೂ ನಂಬಿಕೊಂಡಿದ್ದೆ. ಇಸ್ಕೂಲಿಗೆ ಹೋದದ್ದು ಕಡಿಮೆ, ಒಪ್ಪುತ್ತೇನೆ. ಆದರೆ ಮದ್ರಾಸಿನ ತ್ರಿಪ್ಲಿಕೇನಿನ ಒಂದು ಮೆಸ್ಸಿನಿಂದ ಮನೆಮನೆಗೆ ಊಟದ ಕ್ಯಾರಿಯರು ಸಾಗಿಸುತ್ತ ಅರ್ಧ ಆಯುಸ್ಸನ್ನು ಸೈಕಲ್ಲಿನ ಮೇಲೇ ಕಳೆದವನು ನಾನು. ಹೆಬ್ಬೆರಳಿನಿಂದ ಟೈರು ಒತ್ತಿ ನೋಡಿದರೆ ಸಾಕು, ಸಾಂಬಾರು ಚೆಲ್ಲದೆ ಮೈಲಾಪುರ ಮುಟ್ಟುತ್ತದೋ ಇಲ್ಲವೋ ಹೇಳಿಬಿಡುತ್ತಿದ್ದೆ.

ಮೊಮ್ಮಗಳು ನಿಧಿ ಸೈಕಲ್ ಕಲಿತದ್ದೂ ನನ್ನ ಕೈಯಲ್ಲೇ. ಬೆಳಗ್ಗೆ ಹಾಲಿನವನು ಬರುವ ಮೊದಲೇ ಎದ್ದು ಅವಳ ಪುಟ್ಟ ಸೈಕಲ್ಲಿಗೆ ಕಾಲುಪಂಪಿನಲ್ಲಿ ಗಾಳಿ ಹಾಕುತ್ತಿದ್ದೆ. ಟೈರು ಉಬ್ಬುವುದನ್ನು ಅವಳು ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು. ಆಮೇಲೆ ಮರೀನಾ ಕಡೆಗೆ ಸವಾರಿ. ಅವಳು ಮುಂದೆ, ಸೀಟು ಹಿಡಿದು ಓಡುವ ನಾನು ಹಿಂದೆ. ಒಂದು ದಿನ ಮೆಲ್ಲಗೆ ಸೀಟು ಬಿಟ್ಟೆ. ಹುಡುಗಿ ತಿರುಗಿಯೂ ನೋಡಲಿಲ್ಲ. ಆ ಸಮುದ್ರದ ಗಾಳಿ, ಹಾರುತ್ತಿದ್ದ ಆ ಎರಡು ಜಡೆ ನೆನಪಾದರೆ ಈಗಲೂ ಎದೆ ಟೈರಿನ ಹಾಗೆ ಉಬ್ಬುತ್ತದೆ.

ಆ ಹುಡುಗಿ ಈಗ ರೇಸ್ ಕಾರು ಓಡಿಸುತ್ತಾಳೆ. ಒಬ್ಬರೇ ಕೂರುವ, ಚಾವಣಿ ಇಲ್ಲದ, ನೆಲಕ್ಕೆ ಹೊಟ್ಟೆ ಉಜ್ಜುವಂಥ ಕಾರು. ಹೋದ ವರ್ಷದ ಕೊನೆಯ ರೇಸು ಬಂತು. ಮೊದಲ ಮೂವರೊಳಗೆ ಬಂದರೆ ಟೀಮಿನಲ್ಲಿ ಕಾಯಂ ಸೀಟು. ಬರದಿದ್ದರೆ ಹೆಲ್ಮೆಟ್ಟು ಅಟ್ಟಕ್ಕೆ, ಹುಡುಗಿ ಕಾಲೇಜಿಗೆ. ಇದು ಅವಳಪ್ಪ, ಅಂದರೆ ನನ್ನ ಮಗ, ಕೊಟ್ಟ ತೀರ್ಪು. ಹಿಂದಿನ ದಿನದ ಪರೀಕ್ಷಾ ಓಟದಲ್ಲಿ ನಿಧಿ ಎರಡನೆಯವಳಾಗಿದ್ದಳು. ರೇಸು ಹೊರಡುವಾಗ ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತ್ತು. ಇನ್ನೇನು ಬೇಕು? ನಾನೊಬ್ಬ ಸುಮ್ಮನಿದ್ದಿದ್ದರೆ ಸಾಕಿತ್ತು.

ರೇಸಿನ ದಿನ ಊರಾಚೆಯ ಟ್ರ್ಯಾಕಿಗೆ ಮಗನ ಜೊತೆ ಅವನ ಕಾರಿನಲ್ಲಿ ನಾನೂ ನನ್ನ ಹೆಂಡತಿ ಪದ್ಮಾನೂ ಹಾಜರಾದೆವು. ಟೀಮಿನ ಶೆಡ್ಡಿನಲ್ಲಿ ಮೆಕ್ಯಾನಿಕ್ ಸೆಲ್ವಂ ಟೈರುಗಳನ್ನು ಸಾಲಾಗಿ ಇಟ್ಟಿದ್ದ.

"ಗಾಳಿ ಸರಿಯಾಗಿ ಹಾಕಿದ್ದೀಯೇನಪ್ಪಾ?" ಎಂದೆ, ದೊಡ್ಡ ಪಂಡಿತನ ಹಾಗೆ.

"ಗಾಳಿಯೇ ಕೆಡೆಯಾದು, ಇಲ್ಲ ತಾತಾ. ನೈಟ್ರಜನ್" ಎಂದು ಸಿಲಿಂಡರು ತೋರಿಸಿದ.

ನಾನು ನಿಧಿಯ ಮುಖ ನೋಡಿದೆ. ನಮ್ಮ ಹುಡುಗಿಯ ಕನ್ನಡದಲ್ಲಿ ತಮಿಳಿಗೂ ಇಂಗ್ಲಿಷಿಗೂ ಸಮಪಾಲು. "ಸಾದಾ ಏರ್‌ಲಿ ತಣ್ಣಿ ಇರತ್ತೆ ತಾತಾ, ನೀರು. ಟೈರ್ ಸೂಡಾದ್ರೆ, ಬಿಸಿಯಾದ್ರೆ, ಅದು ಆವಿಯಾಗಿ ಪ್ರೆಷರ್ ಕಂಡಮೇನಿಕ್ಕಿ, ಸಿಕ್ಕಾಪಟ್ಟೆ ಏರತ್ತೆ. ಆಗ ತಿರುವಿನಲ್ಲಿ ಕಾರು ನನ್ನ ಮಾತು ಕೇಳಲ್ಲ. ನೈಟ್ರಜನ್ ಡ್ರೈ. ಕರೆಕ್ಟಾ ಇರತ್ತೆ."

"ಅಂದ್ರೆ ಒಳಗೆ ಗಾಳೀನೇ ಇಲ್ವೇನೇ?"

"ಇಲ್ವೇ ಇಲ್ಲೆ."

ನನಗೆ ಕಾಲ ಕೆಳಗಿನ ನೆಲ ಜಾರಿತು. ನಮ್ಮದು ಪ್ರಾಣದೇವರನ್ನು ನಂಬಿದ ಮನೆ. ಉಸಿರಾಗಲಿ, ಬಿರುಗಾಳಿಯಾಗಲಿ, ಎಲ್ಲ ಆ ವಾಯುದೇವರದೇ. ಅವರಿಗೆ ಕೈಮುಗಿಯದೆ ನಾನು ಕಾಫಿ ಕುಡಿದವನಲ್ಲ. ಅಂಥ ಮನೆಯ ಮಗು, ನೆಲದ ಮೇಲೆ ಹಾರುವಂಥ ವೇಗದಲ್ಲಿ, ಗಾಳಿದೇವರನ್ನೇ ಬಾಗಿಲಾಚೆ ನಿಲ್ಲಿಸಿ, ಯಾವುದೋ ಸಿಲಿಂಡರನ್ನು ನಂಬಿ ಹೊರಡುವುದೇ?

ಊಟದ ಹೊತ್ತಿಗೆ ಶೆಡ್ಡು ಖಾಲಿಯಾಯಿತು. ಮಗನ ಕಾರಿನ ಡಿಕ್ಕಿಯಿಂದ ಕಾಲುಪಂಪು ತಂದೆ. ಶ್ರದ್ಧೆಯಿಂದ ಚಪ್ಪಲಿ ಬಿಟ್ಟೆ.

"ಏನ್ ಮಾಡ್ತಿದೀರಿ?" ಎಂದಳು ಪದ್ಮಾ.

"ಪ್ರತಿಷ್ಠಾಪನೆ."

"ಯಾರ್ದು?"

"ಪ್ರಾಣದೇವರದು. ಟೈರಿಗೆ ಸ್ವಲ್ಪ ಸ್ವಲ್ಪ."

"ಯಾರನ್ನಾದ್ರೂ ಕೇಳಿದ್ರಾ?"

"ಒಳ್ಳೇದು ಮಾಡೋಕೆ ಯಾರನ್ನ ಕೇಳ್ಬೇಕು?"

"ಫ್ರಿಜ್ಜಿಗೆ ಕೊಬ್ಬರಿ ಎಣ್ಣೆ ಬಿಟ್ಟಾಗ್ಲೂ ಇದನ್ನೇ ಹೇಳಿದ್ರಿ."

ಭಕ್ತಿಯ ನಡುವೆ ಇಂಥ ಮಾತಿಗೆ ಕಿವಿಗೊಡಬಾರದು. ದೇವರನ್ನು ನೆನೆಯುತ್ತ ನಾಲ್ಕೂ ಟೈರಿಗೆ ತುಳಿದೆ. ಬೆವರು ಇಳಿಯಿತು. ಮನಸ್ಸು ಹಗುರವಾಯಿತು. ಟೈರು ಮಾತ್ರ ಗಟ್ಟಿಯಾಯಿತು.

ಊಟ ಮುಗಿಸಿ ಬಂದ ಸೆಲ್ವಂ ಟೈರಿಗೆ ಮೀಟರು ಹಚ್ಚಿದ. ಹುಬ್ಬು ಮೇಲೇರಿತು. ಮತ್ತೊಂದಕ್ಕೆ ಹಚ್ಚಿದ. "ಯಾರ್ ಕೈ ವೆಚ್ಚದು? ಯಾರು ಕೈ ಹಾಕಿದ್ದು?"

ಪದ್ಮಾ ಮಾತಾಡಲಿಲ್ಲ. ಗಂಡನನ್ನು ಬಿಟ್ಟುಕೊಡದ ಹೆಂಗಸು ಅವಳು. ಬೆರಳು ಮಾಡಿ ತೋರಿಸಿದಳು, ಅಷ್ಟೇ.

ಆಮೇಲಿನದು ರಣರಂಗ. ಟೈರು ಪೂರಾ ಖಾಲಿ ಮಾಡು, ನೈಟ್ರಜನ್ ತುಂಬು, ಮತ್ತೆ ಬಿಡು, ಮತ್ತೆ ತುಂಬು. ತೇವ ಹೋಗುವವರೆಗೂ ಇದೇ ಕೆಲಸ. ಅಷ್ಟರಲ್ಲಿ ಟ್ರ್ಯಾಕಿನ ಗೇಟು ಮುಚ್ಚಿತು. ತಡವಾದವರಿಗೆ ಶಿಕ್ಷೆ ಒಂದೇ: ಎಲ್ಲ ಕಾರೂ ಹೊರಟ ಮೇಲೆ ಕೊನೆಯಲ್ಲಿ ಹೊರಡಬೇಕು. ಮುಂದಿನ ಸಾಲಿನ ನನ್ನ ರಾಣಿ ಬಾಲಕ್ಕೆ ಬಂದಳು.

ಹೆಲ್ಮೆಟ್ಟಿನೊಳಗಿಂದ ನಿಧಿಯ ಕಣ್ಣು ಮಾತ್ರ ಕಾಣುತ್ತಿತ್ತು. "ಯಾಕೆ ತಾತಾ?" ಎಂದಳು.

"ಪ್ರಾಣದೇವರಿಲ್ದೆ ಹೇಗೆ ಕಳಿಸ್ಲಿ ಮಗಳೇ?"

"ಗಾಳೀಲಿ ಮುಕ್ಕಾಲು ಪಾಲು ನೈಟ್ರಜನ್ನೇ ತಾತಾ. ನಿಮ್ಮ ಪ್ರಾಣದೇವರು ಮೊದ್ಲೇ ಒಳಗಿದ್ರು. ನೀವು ಸೇರಿಸಿದ್ದು ಮದ್ರಾಸ್ ಬೆವರು."

ಭೂಮಿ ಬಾಯಿ ಬಿಡಲಿಲ್ಲ. ಟ್ರ್ಯಾಕಿನಲ್ಲಿ ಟಾರು ಗಟ್ಟಿಯಾಗಿ ಹಾಕಿರುತ್ತಾರೆ.

ರೇಸು ಶುರುವಾಯಿತು. ಪ್ರತಿ ಸುತ್ತಿಗೂ ಅವಳ ಹಿಂದೆ ಒಂದೆರಡು ಕಾರು ಹೆಚ್ಚು. ಮಗ ಉಗುರು ಕಚ್ಚುತ್ತಿದ್ದ, ಪದ್ಮಾ ನನ್ನ ತೋಳನ್ನು ಚಿವುಟುತ್ತಿದ್ದಳು. ನಾನು ಮರೀನಾದಲ್ಲಿದ್ದೆ. ಸೀಟು ಬಿಟ್ಟಾಗಿತ್ತು, ಹುಡುಗಿ ತಿರುಗಿ ನೋಡುತ್ತಿರಲಿಲ್ಲ. ಬಾವುಟ ಬೀಸಿದಾಗ ಅವಳು ನಾಲ್ಕನೆಯವಳು.

ನಾಲ್ಕು! ಮಗ ನನ್ನ ಕಡೆ ನೋಡಲೇ ಇಲ್ಲ. ಮುಂದಿನ ಜನ್ಮದಲ್ಲಾದರೂ ಮಾತಾಡಿಸಿಯಾನು ಎಂದುಕೊಂಡೆ.

ಆಗ ಟೀಮಿನ ಯಜಮಾನಿ ಬಂದರು. ತಮಿಳಿನಲ್ಲಿ ಅವರು ಹೇಳಿದ್ದರ ತಾತ್ಪರ್ಯ ಇಷ್ಟು: ಮುಂದಿನಿಂದ ಹೊರಟು ಮುಂದೆ ಬರುವವರು ಬೇಕಾದಷ್ಟು ಜನ ಇದ್ದಾರೆ, ಬಾಲದಿಂದ ಹೊರಟು ಇಷ್ಟು ಕಾರು ದಾಟಿದವಳನ್ನು ನಾನು ಕಾಲೇಜಿಗೆ ಬಿಟ್ಟುಕೊಡುವುದಿಲ್ಲ, ಸೀಟು ಅವಳದೇ.

ನಿಧಿ ಹೆಲ್ಮೆಟ್ಟಿನ ಸಮೇತ ನನ್ನನ್ನು ತಬ್ಬಿಕೊಂಡಳು. ಹಲ್ಲಿಗೆ ಪೆಟ್ಟಾಯಿತು. ಆ ನೋವಿನಷ್ಟು ಸಿಹಿ ನಾನು ಯಾವ ಮದುವೆಯಲ್ಲೂ ತಿಂದಿಲ್ಲ.

"ಆದ್ರೆ ಒಂದು ಕಂಡಿಷನ್" ಎಂದರು ಯಜಮಾನಿ, ನನ್ನನ್ನೇ ನೋಡುತ್ತ. ಷರತ್ತು ಏನೆಂದು ಕೇಳುವ ಮೊದಲೇ ಪದ್ಮಾ ನನ್ನ ಪರವಾಗಿ ಒಪ್ಪಿಕೊಂಡಳು.

ಹಾಗಾಗಿ ಈ ವರ್ಷ ಪ್ರತಿ ರೇಸಿಗೂ ಟೀಮಿನವರೇ ನನಗೆ ಮರ್ಯಾದೆಯಿಂದ ಪಾಸು ಕಳಿಸುತ್ತಾರೆ. ಟ್ರ್ಯಾಕಿನ ಆಚೆ ತುದಿಯ ಗ್ಯಾಲರಿ. ಶೆಡ್ಡಿಗೂ ಅದಕ್ಕೂ ನಡುವೆ ಎರಡು ಬೇಲಿ, ಒಬ್ಬ ಕಾವಲುಗಾರ. ಅಲ್ಲಿಂದ ಕಾರುಗಳು ಸಾಸಿವೆಯಷ್ಟು ಕಾಣುತ್ತವೆ, ನಿಧಿಯದು ಯಾವುದೆಂದು ಗೊತ್ತೇ ಆಗುವುದಿಲ್ಲ. ನಾನು ಎಲ್ಲ ಕಾರಿಗೂ ಕೈ ಬೀಸುತ್ತೇನೆ. ಯಾವುದೋ ಒಂದು ಅವಳದೇ ಆಗಿರುತ್ತದೆ.